ಹೆರಿಗೆಯ ಡಾಕ್ಟರಾಗುವ ಮೊಮ್ಮಗಳು

ನನ್ನ ಮೊಮ್ಮಗಳು ಹೆರಿಗೆಯ ಡಾಕ್ಟರಾಗುತ್ತಾಳೆ. ಹೈದರಾಬಾದಿನಲ್ಲಿ ಓದುವವಳು, ರೈಲಿಳಿದು ಗದ್ವಾಲದ ನಮ್ಮ ಮನೆಗೆ ಬಂದವಳೇ ಅದನ್ನು ಹೇಳಿದಳು. ಮೂರು ಸಲ ಹೇಳಿಸಿ ಕೇಳಿದರೂ ನನಗೆ ಸಾಲಲಿಲ್ಲ.

ಮಗ್ಗದಲ್ಲಿ ಕೂತಿದ್ದ ನನ್ನ ಯಜಮಾನರಿಗೆ ಬೇರೆ ಆಸೆ. “ಕಣ್ಣಿನ ಡಾಕ್ಟರಾಗವ್ವ. ನನಗ ಎಳಿ ಕಾಣವಲ್ದು. ನೇಕಾರರೆಲ್ಲ ನಿನ್ನ ಬಾಗಿಲಿಗೇ ಬರ್ತಾರ” ಎಂದರು.

“ನಿನಗ ಚಷ್ಮಾ ಕೊಡಾಕ ಬೇಕಾದಷ್ಟು ಮಂದಿ ಅದಾರ ಅಜ್ಜಾ. ನಮ್ಮವ್ವನಂಥೋರನ್ನ ನೋಡಾಕ ಯಾರದಾರ?”

ಅವಳ ಅವ್ವ, ನನ್ನ ಮಗಳು, ಇವಳನ್ನು ಹೆತ್ತ ಮೇಲೆ ನೆತ್ತರು ನಿಲ್ಲದೆ ಸತ್ತಳು. ಸೂಲಗಿತ್ತಿ ಕೈಚೆಲ್ಲಿದಾಗ ನಿಜಾಮ ಸರ್ಕಾರದ ದವಾಖಾನೆಯಿಂದ ಡಾಕ್ಟರು ಬಂದಿದ್ದರು. ಬಾಣಂತಿಯನ್ನು ಪರಗಂಡಸು ನೋಡಬಾರದೆಂದು, ಆಗಷ್ಟೇ ಮಗ್ಗದಿಂದ ಇಳಿಸಿದ ಸೀರೆಯನ್ನು ನಾನೇ ಅಡ್ಡ ಕಟ್ಟಿ, ಮಗಳ ಕೈಯನ್ನಷ್ಟೇ ಅದರಾಚೆ ಚಾಚಿಸಿದೆ.

“ಅಮ್ಮಾ, ನಾಡಿ ಹಿಡಿದರ ನೆತ್ತರ ನಿಲ್ತೈತೇನು? ನನ್ನ ಒಳಗ ಬಿಡ್ರಿ” ಎಂದು ಅವರು ಗೋಗರೆದರು. ನಾನು ಬಿಡಲಿಲ್ಲ. ಅವರು ಹಿಡಿದಿರುವಾಗಲೇ ಆ ಕೈ ತಣ್ಣಗಾಯಿತು.

ಹೆರಿಗೆಯಲ್ಲಿ ದೇವರು ಕರಕೊಂಡ ಎಂದಷ್ಟೇ ಇಷ್ಟು ವರ್ಷ ಮೊಮ್ಮಗಳಿಗೆ ಹೇಳಿದ್ದೆ. ಇವತ್ತು ಸಂತೋಷದ ಭರದಲ್ಲಿ ಆ ಸುಳ್ಳು ನಿಲ್ಲಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಎದ್ದು ಹಿತ್ತಲಿಗೆ ಹೋದಳು. ಇನ್ನು ನನ್ನನ್ನು ಆಯಿ ಎನ್ನುತ್ತಾಳೋ ಇಲ್ಲವೋ ಎಂದು ಹಿತ್ತಲ ಬಾಗಿಲನ್ನೇ ನೋಡುತ್ತಿದ್ದೆ.

ಸಂಜೆ ಮನೆಯವರೆಲ್ಲ ಉಣ್ಣಲು ಕೂತರು. ನಾನು ಒಲೆಯ ಹತ್ತಿರವೇ ಉಳಿದೆ. ಅವಳು ನನ್ನ ಮುಖ ನೋಡದೆಯೇ ಪಕ್ಕದಲ್ಲಿ ಜಾಗ ಮಾಡಿ, “ಬಾ ಆಯಿ. ನೀ ಬರೂತನಕ ನಾ ಉಣ್ಣಂಗಿಲ್ಲ” ಎಂದಳು. ಹೋಗಿ ಕೂತೆ. ರೊಟ್ಟಿ, ಪುಂಡಿಪಲ್ಯ ಎಲ್ಲರೂ ಕೂಡಿ ಉಂಡೆವು.