ಬೆಳಕು ನುಸುಳದ ಪೆಟ್ಟಿಗೆ

ನಮ್ಮ ಮಾವನವರು ಚನ್ನಪಟ್ಟಣದಲ್ಲಿ ಮರದ ಕ್ಯಾಮೆರಾ ಮಾಡುತ್ತಿದ್ದರು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ, ಕಪ್ಪು ಬಟ್ಟೆ ಹೊದ್ದು ನೋಡುವ ಸ್ಟುಡಿಯೋ ಪೆಟ್ಟಿಗೆಗಳು. ನಾನು ಮದುವೆಯಾಗಿ ಬಂದ ಮೇಲೆ ಅತ್ತೆ ನನಗೆ ಒಪ್ಪಿಸಿದ ಕೆಲಸಗಳಲ್ಲಿ ಪೆಟ್ಟಿಗೆ ಪರೀಕ್ಷೆಯೂ ಒಂದು. ಕಂಬಳಿ ಹೊದ್ದು ಪೆಟ್ಟಿಗೆಗೆ ಕಣ್ಣಿಟ್ಟು ಕೂರಬೇಕು. ಹೊರಗೆ ಟಾರ್ಚ್ ಹಿಡಿದು ಒಬ್ಬರು ಸುತ್ತುತ್ತಾರೆ. ಸಾಸಿವೆಯಷ್ಟು ಬೆಳಕು ಕಂಡರೂ ಫಿಲಂ ಹಾಳು, ಅಲ್ಲಿಗೆ ಅರಗು ಕಾಸಿ ತುಂಬಬೇಕು.

ಫಿಲಂ ಹೋಯಿತು, ಪೆಟ್ಟಿಗೆ ಕೇಳುವವರೂ ಹೋದರು. ಯಜಮಾನರು ಬಹಳ ವರ್ಷ ಬುಗುರಿ, ಗಿಲಕಿ ಕಡೆದರು. ಹೋದ ವರ್ಷ ಇದ್ದಕ್ಕಿದ್ದಂತೆ ಡಿಜಿಟಲ್ ಕ್ಯಾಮೆರಾ ಮಾಡುತ್ತೇನೆಂದು ಹೊರಟರು. ಒಳಗಿನ ಸಾಮಾನು ಬೆಂಗಳೂರಿಂದ ತರುವುದು, ಒಡಲು ನಮ್ಮದೇ ಮರ, ಮೇಲೆ ಅರಗಿನ ಬಣ್ಣ. ಮಾಗಡಿಯ ಸ್ಟುಡಿಯೋದವರು ಒಂದು ಮದುವೆಗೆ ಇದನ್ನೇ ಹಿಡಿಯಲು ಒಪ್ಪಿದರು. ಕನಕಪುರದವರು, ರಾಮನಗರದವರು ಆ ಮದುವೆಯ ಫೋಟೋ ನೋಡಿ ಹೇಳುತ್ತೇವೆಂದರು. "ಇದು ಕೈ ಕೊಟ್ರೆ ಕಾರ್ಖಾನೆಗೆ ಬೀಗ ಹಾಕೋದೇಯ," ಎಂದು ಯಜಮಾನರು ಊಟಕ್ಕೆ ಕೂತಾಗ ಒಮ್ಮೆ ಅಂದರು. ಮತ್ತೆ ಅನ್ನಲಿಲ್ಲ.

ಬಣ್ಣ ಹಾಕುತ್ತಿದ್ದ ಸಾಬರು ಅವರ ಜೊತೆ ಆಡಿ ಬೆಳೆದವರು. ಪೆಟ್ಟಿಗೆಯನ್ನು ತಿರುಗಿಸಿ ನೋಡಿ, "ಲೇ, ಇದ್ರೊಳ್ಗೆ ಕರೆಂಟ್ ಐತೆ ಕಣ್ಲಾ. ಉಸ್ರಾಡಕ್ಕೆ ಒಂದ್ ತೂತಾದ್ರೂ ಬುಡು," ಅಂದರು.

"ತೂತು ಬುಟ್ರೆ ನಮ್ಮಪ್ಪ ಎದ್ ಬಂದ್ಬುಡ್ತಾನೆ. ನೀನ್ ಸುಮ್ಕೆ ಬಣ್ಣ ಹಾಕ್ಲಾ."

"ಹಾಕ್ತೀನಿ. ಬಿಸಿಗೆ ಅರಗು ಏನಾಯ್ತದೆ ಅಂತ ನಿಂಗೂ ಪಾಠ ಮಾಡ್ಬೇಕಾ? ಅಕ್ಕಾ, ನೀವಾದ್ರೂ ಒಸಿ ಹೇಳಿ."

ನಾನು ಕಂಬಳಿ ತಂದು ಕೂತೆ. ಎರಡು ಕಡೆ ಬೆಳಕು ಕಂಡಿತು, ವೈರು ಹೋಗುವ ಸಂದಿಯಲ್ಲೊಂದು, ಮುಚ್ಚಳದ ಕೆಳಗೊಂದು. ಎರಡಕ್ಕೂ ನಾನೇ ಅರಗು ತುಂಬಿದೆ. ಕೈ ಇನ್ನೂ ಮರೆತಿಲ್ಲವಲ್ಲ ಎಂದು ಹಿಗ್ಗಿದೆ ಕೂಡ.

ಯಜಮಾನರು ಮನೆಯಲ್ಲಿ ಅರ್ಧ ಗಂಟೆ ಓಡಿಸಿ ನೋಡಿದರು, ಫೋಟೋ ಚೆನ್ನಾಗಿಯೇ ಬಂದವು. ಆಮೇಲೆ ಒರೆಸಲು ಎತ್ತಿಕೊಂಡಾಗ ನನ್ನ ಹೆಬ್ಬೆಟ್ಟಿನ ಗುರುತು ಹಳದಿ ಬಣ್ಣದ ಮೇಲೆ ಕೂತುಬಿಟ್ಟಿತು. ಬೇಸಿಗೆಯಲ್ಲವೇ ಅಂದುಕೊಂಡೆ. ಆರಿದ ಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ತಂದೆ. ಯಾರಿಗೂ ಹೇಳಲಿಲ್ಲ.

ಮದುವೆ ಗುಡೇಮಾರನಹಳ್ಳಿಯಲ್ಲಿ, ಮನೆ ಮುಂದೆಯೇ ಶಾಮಿಯಾನ. ನಾವಿಬ್ಬರೂ ಹೋಗಿದ್ದೆವು. ಗಂಡಿನ ಕಡೆಯ ಯಾರೋ ಹಿರಿಯರು, "ಏನ್ಲಾ ಇದು, ಪಟ ತೆಗೆಯಕ್ಕೆ ಹಾರ್ಮೋನಿಯಂ ತಂದ್ಬುಟ್ಟವ್ನೆ!" ಎಂದು ನಗಿಸಿದರು. ಯಜಮಾನರೂ ನಕ್ಕರು. ಬೆಳಗ್ಗೆಯ ಶಾಸ್ತ್ರಗಳೆಲ್ಲ ಚೆನ್ನಾಗಿ ಬಂದವು. ಬಿಸಿಲೇರಿತು. ವಿಡಿಯೋದವರು ದೊಡ್ಡ ಲೈಟು ಎರಡು ಹಾಕಿದರು. ಸ್ಟುಡಿಯೋದವರು ಪೆಟ್ಟಿಗೆಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸತೊಡಗಿದರು. ಮಲ್ಲಿಗೆ, ಹೋಮದ ಹೊಗೆ, ಸಾರಿನ ಒಗ್ಗರಣೆ, ಇವುಗಳ ನಡುವೆಯೂ ಕಾದ ಅರಗಿನ ವಾಸನೆ ನನಗೆ ತಿಳಿಯಿತು. ಯಜಮಾನರ ಕಡೆ ನೋಡಿದೆ. ಅವರು ಆಗಲೇ ನನ್ನನ್ನು ನೋಡುತ್ತಿದ್ದರು.

ಧಾರೆಯ ಹಾಲು ಬಿದ್ದದ್ದು ಫೋಟೋದಲ್ಲಿ ಬಂತು. ಗಂಡು ತಾಳಿ ಎತ್ತಿಕೊಂಡ, ಗಟ್ಟಿಮೇಳ ಶುರುವಾಯಿತು, ಕ್ಯಾಮೆರಾದ ಪರದೆ ಕಪ್ಪಾಯಿತು. ಸ್ಟುಡಿಯೋದವರು ಒತ್ತಿದರು, ಮತ್ತೆ ಒತ್ತಿದರು. ಬೆರಳಿಗೆ ಬಣ್ಣ ಅಂಟಿಕೊಂಡು ಎಳೆ ಎಳೆಯಾಗಿ ಬಂತು. ಅವರು ಬೈಯಲಿಲ್ಲ. ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು ಜೇಬಿನಿಂದ ಮೊಬೈಲ್ ತೆಗೆದು ಮೂರು ಗಂಟನ್ನೂ ಹಿಡಿದರು. ಚಪ್ಪರದಲ್ಲಿ ಯಾರಿಗೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಅದನ್ನು ನೋಡಿ ಯಜಮಾನರು ಕೂತುಬಿಟ್ಟರು.

ಮಾಗಡಿ ಬಸ್ಸಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು, ಸೀರೆಯ ಮೇಲಿಂದಲೂ ಬಿಸಿ ತಾಗುತ್ತಿತ್ತು. ಯಜಮಾನರ ಫೋನ್ ಬಡಿದುಕೊಂಡಿತು. ಹೆಸರು ನೋಡಿ ನನ್ನ ಕೈಗೆ ಕೊಟ್ಟರು.

ಕನಕಪುರದವರು. "ಅಕ್ಕಾ, ಹೆಂಗ್ ಬಂದ್ವು ಪಟ?"

"ಧಾರೆವರ್ಗೂ ಚೆನ್ನಾಗ್ ಬಂದ್ವು," ಅಂದೆ.

"ಆಮ್ಯಾಕೆ?" ಅಂದರು.