ನಾವು ಹಿಂಪಡೆದ ಲೇಖನ

ಸಿಂಧನೂರಿನಲ್ಲಿ ನಾವು ನಾಲ್ಕಾರು ಅಧ್ಯಾಪಕರು ಸೇರಿ ಒಂದು ಕನ್ನಡ ಸಂಶೋಧನಾ ಪತ್ರಿಕೆ ನಡೆಸುತ್ತೇವೆ. ವರ್ಷಕ್ಕೆರಡು ಸಂಚಿಕೆ. ಸಂಪಾದಕಿ ನಾನು. ಈ ಹುದ್ದೆಯಲ್ಲಿ ಸಿಗುವುದು ಬೈಗುಳ ಮಾತ್ರ. ಲೇಖನ ಬೇಡವೆಂದರೆ ಬರೆದವರು ಮಾತು ಬಿಡುತ್ತಾರೆ, ತಿದ್ದಿದರೆ ಅವರ ಪರವಾಗಿ ಯಾರೋ ಷಡ್ಡಕ ಫೋನ್ ಹಚ್ಚುತ್ತಾನೆ. ಬಡ್ತಿಗೆ ಲೇಖನ ಬೇಕೆಂದು ಎಲ್ಲಿಂದಲೋ ಎತ್ತಿ, ಊರ ಹೆಸರು ಬದಲಿಸಿ ಕಳಿಸುವ ಮಹಾಶಯರೂ ಇದ್ದಾರೆ. ಒಬ್ಬರಂತೂ ಹಾಗೆ ಬದಲಿಸುವ ಭರದಲ್ಲಿ ಮಸ್ಕಿಯ ಪಕ್ಕಕ್ಕೆ ಸಮುದ್ರವನ್ನೇ ತಂದು ಕೂಡಿಸಿದ್ದರು. ಅಂಥವನ್ನು ಹಿಡಿದು ವಾಪಸು ಅಟ್ಟುವಾಗ ನನಗೆ ಖುಷಿಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಖುಷಿ ಈಗ ಇಲ್ಲ. ಅಚ್ಚಾದ ಮೇಲೆ ನಾವು ಹಿಂಪಡೆದದ್ದು ಒಂದೇ ಒಂದು ಲೇಖನ. ಅದನ್ನು ಬರೆದವರು ನನಗೆ ಪಾಠ ಹೇಳಿದ ಸರ್.

ಸರ್ ಲಿಂಗಸುಗೂರಿನವರು. ಅಲ್ಲೇ ಕಾಲೇಜಿನಲ್ಲಿ ಕಲಿಸಿ ಅಲ್ಲೇ ನಿವೃತ್ತರಾದರು. ಅವರಿಗೊಂದು ಹುಚ್ಚಿತ್ತು: ಹೊಲದ ಹೆಸರುಗಳು. ಕಾಲುವೆ ಬರುವ ಮೊದಲು, ಜೋಳ ಬೆಳೆಯುತ್ತಿದ್ದ ಕಾಲದಲ್ಲಿ, ಇಲ್ಲಿ ಒಂದೊಂದು ಹೊಲಕ್ಕೂ ಹೆಸರಿತ್ತು. ಅತ್ತಿ ಸೊಸಿ ಹೊಲ, ಸೂಲಗಿತ್ತಿ ಪಟ್ಟಿ, ಹಳ್ಳದಾಚಿ ಯರಿ. ನೀರು ಬಂದು ಎಲ್ಲ ಗದ್ದೆಯಾದ ಮೇಲೆ ಜನ ತೂಬಿನ ನಂಬರು ಹೇಳತೊಡಗಿದರು. ಹಳೆಯ ಹೆಸರು ಗೊತ್ತಿದ್ದವರು ಸತ್ತುಹೋಗುವ ಮುಂಚೆ ಬರೆದುಕೊಳ್ಳಬೇಕೆಂದು ಸರ್ ರಜೆ ಬಂತೆಂದರೆ ಬಸ್ಸು ಹತ್ತುತ್ತಿದ್ದರು. ಬಳಗಾನೂರು, ದಢೇಸುಗೂರು, ವಳಕಮದಿನ್ನಿ ಎಂದು ಸುತ್ತಿ, ಬದುವಿನ ಮೇಲೆ ಮುದುಕಿಯರ ಜೊತೆ ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದರು. ಒಂದೆರಡು ಸಲ ನಾನೂ ಹೋಗಿದ್ದೇನೆ. ಇಷ್ಟೆಲ್ಲ ಮಾಡಿದವರು ಒಂದು ಪುಸ್ತಕ ಬರೆಯಲಿಲ್ಲ. ಕೇಳಿದರೆ, ಇನ್ನೂ ಒಂದೂರು ಉಳಿದಿದೆ ಅನ್ನುತ್ತಿದ್ದರು. ಆ ಒಂದೂರು ಮುಗಿಯಲೇ ಇಲ್ಲ.

ನಿವೃತ್ತಿಯಾಗಿ ಕೆಲವು ವರ್ಷದ ಮೇಲೆ, ನಾನು ಕೇಳದೆಯೇ, ಆ ಹೆಸರುಗಳ ಬಗ್ಗೆ ಒಂದು ಲೇಖನ ಕಳಿಸಿದರು. ಫೋನಿನಲ್ಲಿ, ಇದೊಂದು ಅಚ್ಚಾಗಲಿ ಸಾಕು, ಎಂದಷ್ಟೇ ಹೇಳಿದರು. ಓದಿ ನಾನು ಹಿಗ್ಗಿ ಹೀರೇಕಾಯಿಯಾದೆ. ಲೇಖಕರ ಹೆಸರು ಮುಚ್ಚಿ ಇಬ್ಬರು ಪರಿಶೀಲಕರಿಗೆ ಕಳಿಸಿದೆವು, ಅವರೂ ಮೆಚ್ಚಿದರು. ಅಚ್ಚಾಯಿತು. ಸರ್ ಆ ಸಂಚಿಕೆಯನ್ನು ಬಗಲಲ್ಲಿ ಹಿಡಿದುಕೊಂಡು ಲಿಂಗಸುಗೂರಿನ ಬಜಾರಿನಲ್ಲಿ ತಿರುಗಿದರಂತೆ.

ಕೆಲವು ತಿಂಗಳಿಗೆ ದೂರು ಬಂತು. ಬೇರೆ ಜಿಲ್ಲೆಯ ಒಬ್ಬ ಓದುಗರು ಬರೆದಿದ್ದರು: ಈ ಲೇಖನ ಒಂದು ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯದ ನಕಲು. ಪ್ರಬಂಧ ತರಿಸಿ ಪಕ್ಕಪಕ್ಕ ಇಟ್ಟು ನೋಡಿದೆ. ಸಾಲಿಗೆ ಸಾಲು ಅದೇ. ಆ ಪ್ರಬಂಧ ಬರೆದವನು ಸರ್ ಕೈಕೆಳಗೇ ಸಂಶೋಧನೆ ಮಾಡಿ, ಈಗ ಮಸ್ಕಿಯಲ್ಲಿ ಅಧ್ಯಾಪಕನಾಗಿರುವವನು. ನನಗಿಂತ ಚಿಕ್ಕವನು, ನನ್ನನ್ನು ಅಕ್ಕಾ ಎಂದು ಕರೆಯುವವನು.

ಇಂಥದ್ದಕ್ಕೆ ನಮ್ಮಲ್ಲಿ ನಿಯಮವಿದೆ. ಲೇಖಕರಿಗೆ ಬರೆದು ವಿವರಣೆ ಕೇಳಬೇಕು, ಇನ್ನೊಬ್ಬರಿಗೂ ಬರೆಯಬೇಕು, ಎರಡನ್ನೂ ಮಂಡಳಿಯ ಮುಂದಿಡಬೇಕು. ಅದು ಮುಗಿಯುವತನಕ ಖಾಸಗಿಯಾಗಿ ಯಾರ ಜೊತೆಗೂ ಮಾತಾಡಬಾರದು. ಎರಡು ಪತ್ರ ಹೋದವು. ಮಸ್ಕಿಯಿಂದ ಉತ್ತರ ಬೇಗ ಬಂತು: ಅಧ್ಯಾಯ ನಾನೇ ಬರೆದದ್ದು. ಸರ್ ಉತ್ತರ ತಡವಾಗಿ ಬಂತು. ಹೇಳುವುದೇನೂ ಇಲ್ಲ, ನಿಯಮದ ಪ್ರಕಾರ ಮಾಡಿರಿ. ಅಷ್ಟೇ. ಮಂಡಳಿಯಲ್ಲಿ ಒಬ್ಬರು, ಹಿರಿಯರು, ಸುಮ್ಮನೆ ಮುಚ್ಚಿಹಾಕೋಣ ಅಂದರು. ನಾನೇ ಒಪ್ಪಲಿಲ್ಲ. ಪರಿಚಯವಿಲ್ಲದ ಹುಡುಗನಾಗಿದ್ದರೆ ಮುಚ್ಚುತ್ತಿದ್ದೆವಾ ಎಂದು ರೇಗಿದೆ.

ಪ್ರಕಟಣೆ ನಾನೇ ಬರೆದೆ. ಲೇಖನದ ಬಹುಭಾಗ ಇನ್ನೊಬ್ಬರ ಪ್ರಬಂಧದಿಂದ ಯಥಾವತ್ತಾಗಿ ತೆಗೆದದ್ದೆಂದು ಕಂಡುಬಂದಿದ್ದು, ಲೇಖಕರು ಸಮಜಾಯಿಷಿ ನೀಡಿಲ್ಲ, ಆದ್ದರಿಂದ ಹಿಂಪಡೆಯಲಾಗಿದೆ. ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ನಮ್ಮ ಜಾಲತಾಣದಲ್ಲಿ ಸರ್ ಹೆಸರಿನ ಮುಂದೆ ಕೆಂಪಕ್ಷರದಲ್ಲಿ ‘ಹಿಂಪಡೆಯಲಾಗಿದೆ’ ಎಂದು ಬಿತ್ತು. ಇವತ್ತಿಗೂ ಇದೆ.

ಯಾರೋ ಪುಣ್ಯಾತ್ಮರು ಅದರ ಫೋಟೊ ತೆಗೆದು ಅಧ್ಯಾಪಕರ ವಾಟ್ಸಾಪ್ ಗುಂಪಿಗೆ ಹಾಕಿದರು. ಶಿಷ್ಯನ ಬುತ್ತಿ ಬಿಚ್ಚಿ ಉಂಡ ಗುರು ಎಂದು ಒಬ್ಬ ಬರೆದ. ಅದರ ಕೆಳಗೆ ನಗುವ ಮುಖಗಳ ಸಾಲು. ಅವರಲ್ಲಿ ಅರ್ಧ ಜನ ಸರ್ ಕೈಲಿ ಕಲಿತವರು. ಸರ್ ಕಲಿಸಿದ ಕಾಲೇಜು ಒಂದು ಉಪನ್ಯಾಸಕ್ಕೆ ಅವರನ್ನು ಕರೆದಿತ್ತು. ಕಾರ್ಯಕ್ರಮ ಮುಂದೆ ಹೋಗಿದೆ ಎಂದು ಹೇಳಿ, ಅದೇ ದಿನ ಬೇರೆಯವರನ್ನು ಕರೆಸಿತು. ನಾನು ಸಿಟ್ಟು ಯಾರ ಮೇಲೆ ಮಾಡಲಿ? ಬಂದೂಕು ನಂದೇ ಆಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಮಸ್ಕಿಯವನು ನಮ್ಮ ಮನೆಗೆ ಬಂದ. ಚಹಾ ಕೊಟ್ಟರೆ ಕುಡಿಯಲಿಲ್ಲ. ಕೆನೆ ಕಟ್ಟುವತನಕ ಕಪ್ಪನ್ನೇ ನೋಡುತ್ತಿದ್ದವನು ಕೊನೆಗೆ ಬಾಯಿಬಿಟ್ಟ.

“ಅಕ್ಕಾ, ಆ ಅಧ್ಯಾಯ ನಾ ಬರದಿದ್ದಲ್ಲ. ಸರ್ ಬರದು ಕೊಟ್ಟಿದ್ದು.”

ಪ್ರಬಂಧ ಸಲ್ಲಿಸುವ ಗಡುವು ಮುಗಿಯುತ್ತಿದ್ದ ವರ್ಷ ಅವನ ತಾಯಿ ರಾಯಚೂರಿನ ಆಸ್ಪತ್ರೆಯಲ್ಲಿದ್ದಳಂತೆ. ಇವನು ಹಾಸಿಗೆ ಪಕ್ಕ ಬಿಟ್ಟು ಏಳುವಂತಿರಲಿಲ್ಲ. ಉಳಿದ ಅಧ್ಯಾಯಗಳು ಹೇಗೋ ಆಗಿದ್ದವು, ಇದೊಂದು ಆಗಿರಲಿಲ್ಲ. ಸರ್ ತಾವು ಹೊಲ ಹೊಲ ತಿರುಗಿ ಕೂಡಿಸಿದ್ದನ್ನೆಲ್ಲ ಹಾಕಿ ಬರೆದು, ಆಸ್ಪತ್ರೆಗೇ ತಂದು, ಇದನ್ನು ಸೇರಿಸು ಎಂದು ಕೈಗಿಟ್ಟು ಹೋಗಿದ್ದರು. ಪರೀಕ್ಷಕರು ಹೊಗಳಿದ್ದು ಅದೊಂದನ್ನೇ. ಪದವಿ ಬಂತು, ಅದರ ಮೇಲೆ ನೌಕರಿ ಬಂತು.

ಇದನ್ನೇ ಬರೆದು ಕೊಡು, ಪ್ರಕಟಣೆ ನಾಳೆಯೇ ತಿದ್ದುತ್ತೇನೆ ಅಂದೆ. ಅವನು ತಲೆ ಅಲ್ಲಾಡಿಸಿದ. ಬರೆದುಕೊಟ್ಟರೆ ಪದವಿ ಹೋಗುತ್ತದೆ, ಅದರ ಹಿಂದೆ ನೌಕರಿ. ಎರಡು ಮಕ್ಕಳು, ಅದೇ ಆಸ್ಪತ್ರೆಯಿಂದ ಉಳಿದು ಬಂದ ತಾಯಿ. ಮತ್ತೆ ನನಗ್ಯಾಕೆ ಹೇಳಿದೆ ಎಂದು ಕೂಗಾಡಿದೆ. ಒಬ್ಬನೇ ಹೊರಲು ಆಗುತ್ತಿಲ್ಲ ಅಂದ. ಎಂಥ ಮಾತು! ತನ್ನ ಭಾರ ಇಳಿಸಿ ನನ್ನ ತಲೆ ಮೇಲಿಟ್ಟು ಹೋದ. ಅವನನ್ನು ಅಟ್ಟಿಸಿಕೊಂಡು ಹೋಗಿ ಬಾರಿಸಬೇಕೆನಿಸಿತು. ಗೇಟಿನ ಹತ್ತಿರ ಅವನು ಮೋರೆ ಮುಚ್ಚಿಕೊಂಡು ನಿಂತದ್ದು ನೋಡಿ ಅದೂ ಆಗಲಿಲ್ಲ.

ಮರುದಿನ ಕಾಲೇಜಿಗೆ ರಜೆ ಹಾಕಿ ಲಿಂಗಸುಗೂರಿನ ಬಸ್ಸು ಹತ್ತಿದೆ. ಮಸ್ಕಿ ದಾಟುವಾಗ ಕಿಟಕಿಯಿಂದ ಮುಖ ತಿರುಗಿಸಿಕೊಂಡೆ. ಸರ್ ಮನೆಯಲ್ಲಿ ಬಾಗಿಲು ತೆಗೆದವರು ಅವರ ಹೆಂಡತಿ. ಸರ್ ಹೊರಗೆ ಹೋಗುವುದನ್ನೇ ಬಿಟ್ಟಿದ್ದಾರೆ, ಪೇಪರ್ ಕೂಡ ಪಕ್ಕದ ಮನೆಯವರು ತಂದುಕೊಡುತ್ತಾರೆ ಎಂದು ಬಾಗಿಲಲ್ಲೇ ಪಿಸುಗುಟ್ಟಿದರು. ಸರ್ ನಡುಮನೆಯಲ್ಲಿ ಕೂತಿದ್ದರು, ಇಳಿದುಹೋಗಿದ್ದರು. ಬಾರವಾ ಎಂದು ಎಂದಿನಂತೆ ಕರೆದರು. ಬೆಳೆ ಹೇಗಿದೆ, ಕೆನಾಲಿಗೆ ನೀರು ಬಿಟ್ಟಿದ್ದಾರಾ ಎಂದೆಲ್ಲ ಕೇಳಿದರು. ನನಗೆ ತಡೆಯಲಾಗಲಿಲ್ಲ.

“ಸರ್ರ, ಅಂವ ಬಂದು ನನಗ ಎಲ್ಲಾ ಹೇಳ್ಯಾನ.”

ಸರ್ ಒಳಗಿನ ಕೋಣೆಯ ಕಡೆ ನೋಡಿದರು. ಹೆಂಡತಿಗೂ ಅವರು ಹೇಳಿರಲಿಲ್ಲವೆಂದು ಆಗ ನನಗೆ ತಿಳಿಯಿತು. ದನಿ ತಗ್ಗಿಸಿ ಕೇಳಿದರು.

“ಬರದು ಕೊಟ್ಟಾನೇನು?”

ಇಲ್ಲ ಅಂದೆ.

“ಛಲೋ ಆತು. ಕೇಳಬ್ಯಾಡ ಅಂವನ್ನ.”

ನನಗೆ ರೋಷ ಉಕ್ಕಿತು. ಅವರ ಎದುರು ಹಿಂದೆಂದೂ ಹಾಗೆ ಮಾತಾಡಿದವಳಲ್ಲ. ಬರೆದುಕೊಟ್ಟದ್ದು ನಿಮ್ಮ ತಪ್ಪು ಸರ್ರ, ಅದು ಬೇರೆ ತಪ್ಪು. ಮಾಡದ ತಪ್ಪಿಗೆ ಕಳ್ಳ ಅನ್ನಿಸಿಕೊಳ್ಳುವುದು ಯಾವ ನ್ಯಾಯ, ಅಂದೆ. ವಿವರಣೆ ಕೇಳಿದಾಗ ಒಂದು ಸಾಲು ಬರೆಯಬಾರದಿತ್ತೇ, ನನ್ನ ಕೈಯಿಂದಲೇ ಇದನ್ನೆಲ್ಲ ಮಾಡಿಸಬೇಕಿತ್ತೇ ಎಂದು ಕೇಳಿದೆ.

“ಕೊಟ್ಟ ಮ್ಯಾಲ ಅದು ನಂದಲ್ಲವಾ. ಅಂವಂದು. ಹೇಳದ ಕೇಳದ ತಿರುಗಿ ತಗೊಂಡೆ, ಅದನ್ನ ಕಳವು ಅಂತಾರ. ವಯಸ್ಸಾತು ನೋಡು. ಒಮ್ಮೆ ಅದರ ಮ್ಯಾಲ ನನ್ನ ಹೆಸರು ನೋಡಬೇಕು ಅನಿಸಿತ್ತು. ಇಷ್ಟು ವರ್ಷಾತು, ಆ ಪ್ರಬಂಧ ಯಾರು ಓದ್ತಾರ ಅಂದ್ಕೊಂಡೆ.”

ಮಂಡಳಿಗೆ ನಾನೇ ತಿಳಿಸುತ್ತೇನೆ ಅಂದೆ. ತಿಳಿಸು, ನನ್ನನ್ನು ಕರೆದು ಕೇಳಿದರೆ ಅವನೇ ಬರೆದದ್ದು ಎನ್ನುತ್ತೇನೆ ಅಂದರು. ಅವರ ಹೆಸರಿಗೆ ಇನ್ನು ಯಾವ ಕೆಲಸವೂ ಇಲ್ಲವಂತೆ. ಅವನ ಹೆಸರು ಇನ್ನೂ ಬಹಳ ವರ್ಷ ನಡೆಯಬೇಕಂತೆ. ಅಷ್ಟು ಹೇಳಿ ಹೆಂಡತಿಯನ್ನು ಕರೆದು, ಇವಳಿಗೆ ಊಟಕ್ಕೆ ಹಾಕು ಅಂದರು.

ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದೆ. ಹೊರಡುವಾಗ ಕಾಲಿಗೆ ಬಿದ್ದೆ. ನನ್ನ ತಲೆ ಮೇಲೆ ಕೈ ಇಟ್ಟುಕೊಂಡೇ ಅವರು, ಕ್ಲಾಸಿನಲ್ಲಿ ತಿದ್ದಿದ ಹಾಳೆ ಹಿಂದಿರುಗಿಸುವಾಗಿನ ಅದೇ ದನಿಯಲ್ಲಿ ಹೇಳಿದರು.

“ನೀ ಬರದ ಪ್ರಕಟಣೆ ಓದಿದೆ. ಛಲೋ ಬರದೀದಿ. ತಿದ್ದಾಕ ಏನೂ ಸಿಗಲಿಲ್ಲ.”

ನಾನು ಬರೆದದ್ದನ್ನು ಓದಿ ಅವರು ಹಾಗೆ ಅಂದದ್ದು ಅದೇ ಮೊದಲು. ಹೊಸ್ತಿಲ ಹೊರಗೆ ನನ್ನ ಚಪ್ಪಲಿಯೇ ನನಗೆ ಕಾಣಲಿಲ್ಲ. ಅವರ ಹೆಂಡತಿ ಬಗ್ಗಿ, ಹುಡುಕಿ, ನನ್ನ ಕಾಲ ಹತ್ತಿರ ಸರಿಸಿದರು.