ದಿವ್ಯದೃಷ್ಟಿಯವರ ಕಪ್ಪು ಪಟ್ಟಿ

ಹಗಲೆಲ್ಲ ಆತ ಕನ್ನಡಕದ ಅಂಗಡಿಯಲ್ಲಿ ನಿಂತು ಊರವರ ಕಣ್ಣು ತೆರೆಸುತ್ತಿದ್ದ. ಸಂಜೆ ವೇದಿಕೆಯ ಮೇಲೆ ಕೂತು ತನ್ನ ಕಣ್ಣು ಕಟ್ಟಿಸಿಕೊಳ್ಳುತ್ತಿದ್ದ. ಚಪ್ಪಾಳೆ ಬೀಳುತ್ತಿದ್ದದ್ದು ಎರಡನೆಯ ಕೆಲಸಕ್ಕೆ. ಬೀದಿಯವರು ಅವನನ್ನು ದಿವ್ಯದೃಷ್ಟಿ ಎಂದೇ ಕರೆಯುತ್ತಿದ್ದರು. ತರಕಾರಿಯವಳಂತೂ, "ಈ ಕುಂಬಳಕಾಯಿ ಒಳಗೆ ಹೇಗಿದೆ ಅಂತ ನನ್ನನ್ಯಾಕೆ ಕೇಳ್ತೀರಾ ಸ್ವಾಮಿ, ನೀವೇ ನೋಡ್ಕೊಳ್ಳಿ" ಎಂದುಬಿಡುತ್ತಿದ್ದಳು.

ಅವನ ಮಹಾವಿದ್ಯೆ ಇಷ್ಟೆ. ವೇದಿಕೆಯ ಮೇಲೊಂದು ಕುರ್ಚಿ, ಅದರಲ್ಲಿ ಆತ, ಕಣ್ಣಿಗೆ ಮೂರು ಪದರದ ಕಪ್ಪು ಪಟ್ಟಿ. ಹೆಂಡತಿ ಜನರ ನಡುವೆ ಓಡಾಡಿ, ಯಾರದೋ ಜೇಬಿನ ವಸ್ತುವನ್ನು ಎತ್ತಿ ಹಿಡಿದು ಇದೇನೆಂದು ಕೇಳುತ್ತಾಳೆ. ಆತ ಹಣೆಗೆ ಬೆರಳೊತ್ತಿ, ಹೊಟ್ಟೆನೋವು ಬಂದವನಂತೆ ಒಮ್ಮೆ ನರಳಿ, ಹೇಳಿಬಿಡುತ್ತಾನೆ. ಗುಟ್ಟೆಲ್ಲ ಅವಳ ಪ್ರಶ್ನೆಯ ಮೊದಲ ಮಾತಿನಲ್ಲಿತ್ತು. "ಸರಿ, ಇದೇನು?" ಅಂದರೆ ಪೆನ್ನು. "ಬೇಗ ಹೇಳಿ" ಅಂದರೆ ಬಾಚಣಿಗೆ. "ದಯವಿಟ್ಟು" ಅಂದರೆ ಕನ್ನಡಕ. ಹೀಗೆ ಕರವಸ್ತ್ರದಿಂದ ಕೈಗಡಿಯಾರದವರೆಗೆ ಒಂದೊಂದಕ್ಕೂ ಒಂದೊಂದು ಮಾತು. ಪಟ್ಟಿಯನ್ನು ಹೊಲಿದವಳೂ ಅವಳೇ, ಹೊಲಿಗೆ ಯಂತ್ರ ತುಳಿಯುತ್ತಲೇ ಈ ಮಾತುಗಳನ್ನೆಲ್ಲ ಜೋಡಿಸಿದವಳೂ ಅವಳೇ. ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ, ಮನೆಯಲ್ಲಿ ಅವಳು "ಬೇಗ ಊಟಕ್ಕೆ ಬನ್ನಿ" ಎಂದು ಕೂಗಿದರೆ ಆತ ತಲೆ ಬಾಚಿಕೊಂಡೇ ತಟ್ಟೆಯ ಮುಂದೆ ಕೂರುತ್ತಿದ್ದ.

ಆದರೆ ಚಪ್ಪಾಳೆ ಕಿವಿಯಲ್ಲೇ ನಿಲ್ಲುವುದಿಲ್ಲ, ತಲೆಗೂ ಏರುತ್ತದೆ. ಹೆಂಡತಿ ಪ್ರಶ್ನೆ ಮುಗಿಸುವ ಮೊದಲೇ ತನಗೆ ಉತ್ತರ ಹೊಳೆಯುತ್ತಿದೆ ಎಂಬುದನ್ನು ಆತ ಗಮನಿಸಿದ. ಹೊಳೆಯದೇ ಏನು? ಗುಟ್ಟು ಇದ್ದದ್ದೇ ಮೊದಲ ಮಾತಿನಲ್ಲಿ! ಆದರೆ ಆತ ಅದನ್ನು ಮರೆತ. ಸುದ್ದಿ ಬರೆಯಲು ಬಂದ ಪತ್ರಿಕೆಯವನು "ಇದರಲ್ಲಿ ಅಮ್ಮಾವ್ರ ಪಾತ್ರ ಏನು ಸಾರ್?" ಎಂದು ಕೇಳಿದಾಗ ಗಂಭೀರವಾಗಿ ಹೇಳಿದ:

"ಅವಳದ್ದೇನಿಲ್ಲ. ವಸ್ತು ಎತ್ತಿ ಹಿಡೀತಾಳೆ, ಅಷ್ಟೆ. ಒಂದು ಮೊಳೆಗೆ ನೇತುಹಾಕಿದ್ರೂ ನನಗೆ ಕಾಣುತ್ತೆ."

ಅದು ಅಚ್ಚಾಯಿತು. ಹೆಂಡತಿ ಓದಿದಳು. ಅಂಗಿಯ ಕಾಲರಿನ ಅಳತೆಗೆ ಅದೇ ಹಾಳೆಯನ್ನು ಕತ್ತರಿಸಿದಳು. ಕತ್ತರಿ ಸರಿಯಾಗಿ ಗಂಡನ ಚಿತ್ರದ ಕುತ್ತಿಗೆಯ ಮೇಲೆ ಹಾದುಹೋಯಿತು.

"ರೀ, ಈ ಸಲ ನಾನು ಕುರ್ಚಿ ಮೇಲೆ ಕೂತ್ಕೊಳ್ಲಾ? ಓಡಾಡಿ ಓಡಾಡಿ ಕಾಲು ಬಿದ್ದುಹೋಗುತ್ತೆ."

"ಅದಕ್ಕೆ ಶಕ್ತಿ ಬೇಕು ಕಣೆ. ಹುಟ್ಟಿನಿಂದ ಬರಬೇಕು."

ಒಳಕೋಣೆಯಿಂದ ಅವನ ತಾಯಿ ಕೂಗಿದಳು: "ಹುಟ್ಟಿದಾಗ ನಾನೇ ಇದ್ನಲ್ಲೋ! ಹಸಿವು ಬಿಟ್ಟು ಇನ್ಯಾವ ಶಕ್ತೀನೂ ಕಾಣ್ಲಿಲ್ಲ."

ಮುಂದಿನ ಪ್ರದರ್ಶನ ನೌಕರರ ಸಂಘದ ಸಭಾಂಗಣದಲ್ಲಿ. ಮೊದಲ ಸಾಲಿನಲ್ಲಿ ಕನ್ನಡಕದ ಅಂಗಡಿಯ ಮಾಲೀಕರು ಸಂಸಾರ ಸಮೇತ ಕೂತಿದ್ದರು; ಪಕ್ಕದಲ್ಲೇ ಆ ಪತ್ರಿಕೆಯವನು. ದಿವ್ಯದೃಷ್ಟಿ ರಾಜನ ಹಾಗೆ ಕುರ್ಚಿ ಏರಿದ. ಪಟ್ಟಿ ಬಿಗಿಯಿತು. ಸಭೆ ಉಸಿರು ಹಿಡಿಯಿತು.

"ಇದೇನು?" ಎಂದಳು ಹೆಂಡತಿ.

ಅದಕ್ಕೆ ಮೊದಲು ಒಂದು ಮಾತೂ ಇಲ್ಲ. ಆತ ಕಾದ. ಹಣೆಗೆ ಬೆರಳೊತ್ತಿದ, ನರಳಿದ.

"ಸ್ವಲ್ಪ... ಸರಿಯಾಗಿ ಕೇಳು."

"ಇದೇನು?"

ಆತ ತನ್ನ ಹುಟ್ಟುಶಕ್ತಿಯನ್ನು ಒಳಗೊಳಗೇ ಗೋಗರೆದು ಕರೆದ. ಅದು ರಜೆಯ ಮೇಲಿತ್ತು. ಮೂರು ಪದರದ ಕತ್ತಲೆಯಲ್ಲಿ ಕಂಡದ್ದು ಕತ್ತಲೆಯೇ.

"ಗಡಿಯಾರ?"

"ಅಲ್ಲ."

"ಪೆನ್ನು?"

"ಅಲ್ಲ."

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಮೊಳೆಗೆ ನೇತುಹಾಕಮ್ಮಾ, ಆಗ ಕಾಣುತ್ತಂತೆ!"

ಸಭೆ ಗೊಳ್ಳೆಂದಿತು. ಮಾಲೀಕರು ಗಂಟಲು ಸರಿಮಾಡಿಕೊಂಡದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ನಾಳೆಯಿಂದ ಅಂಗಡಿಯಲ್ಲಿ, ಬೀದಿಯಲ್ಲಿ, ತರಕಾರಿಯವಳ ಬಾಯಲ್ಲಿ ತಾನು ಏನಾಗುತ್ತೇನೆಂದು ನೆನೆದು ಬೆವರಿದ. ಆಗ, ಜೀವಮಾನದಲ್ಲಿ ಮೊದಲ ಸಲ, ಒಬ್ಬರ ಮನಸ್ಸನ್ನು ನಿಜವಾಗಿಯೂ ಓದಲು ಕೂತ. ಅಂಥ ಕಷ್ಟವೇನೂ ಆಗಲಿಲ್ಲ.

"ಗೊತ್ತಾಯ್ತು," ಎಂದ ಮೆಲ್ಲಗೆ. "ಇವಳ ಕೈಯಲ್ಲಿರೋದು ನನ್ನ ಮಾನ."

ಜನ ಬಿದ್ದು ಬಿದ್ದು ನಕ್ಕರು.

"ದಯವಿಟ್ಟು ಇನ್ನೊಂದು ಸಲ ನೋಡಿ," ಎಂದಳು ಹೆಂಡತಿ.

"ಕನ್ನಡಕ!" ಆತ ಹೆಚ್ಚುಕಮ್ಮಿ ಅತ್ತೇಬಿಟ್ಟ. ಪತ್ರಿಕೆಯವನ ಕನ್ನಡಕ ಅದು. ಚಪ್ಪಾಳೆಯ ನಡುವೆ ಅವಳು ವೇದಿಕೆ ಹತ್ತಿ, ಗಂಡನ ಪಟ್ಟಿ ಬಿಚ್ಚಿ ತಾನು ಕಟ್ಟಿಕೊಂಡು, "ಏಳಿ, ಈಗ ನೀವು ಓಡಾಡಿ" ಎಂದು ಕೂತೇಬಿಟ್ಟಳು. ಇದೂ ಆಟದ ಭಾಗವೆಂದೇ ಜನ ತಿಳಿದರು.

ಕೇಳಿಸಿಕೊಳ್ಳುವುದಷ್ಟೇ ಅವನಿಗೆ ಬರುತ್ತಿತ್ತು. ಪ್ರಶ್ನೆ ಕೇಳುವುದನ್ನು ಆತ ಎಂದೂ ಮಾಡಿದವನಲ್ಲ. ಎರಡನೆಯ ಸಾಲಿನ ಬೋಳುತಲೆಯ ಹಿರಿಯರೊಬ್ಬರ ಜೇಬಿನಿಂದ ಬಾಚಣಿಗೆ ತೆಗೆದ. ಜನ ನಕ್ಕರು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಒಂದೇ: "ದಯವಿಟ್ಟು, ಇದೇನು?"

ಅಂದದ್ದೇ ತಡ, ನಾಲಿಗೆ ಕಚ್ಚಿಕೊಂಡ.

"ಬಾಚಣಿಗೆ," ಎಂದಳು ಆಕೆ, ನರಳದೆ. ಬೋಳುತಲೆಯವರ ಬಾಚಣಿಗೆಯನ್ನು ಓಡಾಡುವಾಗಲೇ ನೋಡಿಟ್ಟುಕೊಂಡಿದ್ದಳು. ಅದು ಹೊರಬಂದಾಗ ಜನ ಯಾಕೆ ನಗುತ್ತಾರೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಸಭಾಂಗಣ ಎದ್ದು ನಿಂತಿತು.

ಮನೆಗೆ ನಡೆಯುವಾಗ ದಿವ್ಯದೃಷ್ಟಿ ಅರ್ಧ ದಾರಿ ಹೆಂಡತಿಯ ಹಿಂದೆ ಹಿಂದೆಯೇ ಬಂದ. ಆಮೇಲೆ ಎದೆ ಸೆಟೆಸಿದ.

"ನೋಡಿದ್ಯೇನೆ? ನನ್ನ ಬಾಯಿ ತಪ್ಪಿದ್ರೂ ವಿಷಯ ನಿನಗೆ ಮುಟ್ತು. ಓದೋದೇನು ಮಹಾ, ಯಾರು ಬೇಕಾದ್ರೂ ಓದ್ತಾರೆ. ಕಳಿಸೋಕೆ ಬೇಕು ಶಕ್ತಿ."

"ಹೌದು ರೀ. ಹುಟ್ಟಿನಿಂದ ಬರಬೇಕು. ಇನ್ಮೇಲೆ ನೀವೇ ಕಳಿಸ್ತಾ ಇರಿ, ನಾನು ಕೂತಿರ್ತೀನಿ." ಅವಳು ಪಟ್ಟಿಯನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. "ಬೇಗ ನಡೀರಿ, ಅತ್ತೆ ಕಾಯ್ತಿರ್ತಾರೆ."

ಅವನ ಕೈ ತಂತಾನೇ ತಲೆಗೂದಲಿಗೆ ಹೋಯಿತು.